ಅರ್ಹಂತರು, ಕನ್ನೊನ್ ಚಿತ್ರ ಇರೋ ಹಳೇ ಸತ್ಸುಮಾ ಪಾತ್ರೆ: ಗುರುತಿಸೋದು, ಕೊಳ್ಳೋದು, ಕಾಪಾಡೋದು ಹೇಗೆ

ಕೆನೆಬಣ್ಣದ ಹೂದಾನಿ, ಮೈತುಂಬ ಬಂಗಾರದ ಗೆರೆ, ಮಧ್ಯದಲ್ಲಿ ಬಿಳಿ ಮುಸುಕು ಹೊದ್ದು ಕೂತಿರೋ ಕನ್ನೊನ್ ಅನ್ನೋ ಬೌದ್ಧ ದೇವತೆ, ಸುತ್ತ ಅರ್ಹಂತರು ಅನ್ನೋ ಬೋಳುತಲೆಯ ಬೌದ್ಧ ಸನ್ಯಾಸಿಗಳು, ಪ್ರತಿಯೊಬ್ಬರ ತಲೆ ಹಿಂದೆ ಬಂಗಾರದ ಪ್ರಭಾವಳಿ, ಇವರೆಲ್ಲರನ್ನೂ ಸುತ್ತಿಕೊಂಡು ಹೋಗಿರೋ ಒಂದು ಡ್ರ್ಯಾಗನ್. ಇಂಥದ್ದು ಆನ್‌ಲೈನ್ ಹರಾಜಿನಲ್ಲಿ ದಿನಾ ಕಾಣತ್ತೆ, ಮುಂಬೈ ಚೋರ್ ಬಜಾರ್ ಕಡೆ ಹಳೇ ಸಾಮಾನಿನ ಅಂಗಡೀಲಿ ಸಿಗತ್ತೆ, ಅಮೆರಿಕ ಇಂಗ್ಲೆಂಡಲ್ಲಿ ಇರೋ ನಮ್ಮವರಿಗಂತೂ ಅಲ್ಲಿನ ಎಸ್ಟೇಟ್ ಸೇಲ್‌ಗಳಲ್ಲಿ ಕಣ್ಣಿಗೆ ಬಿದ್ದೇ ಬೀಳತ್ತೆ. ಪಕ್ಕದಲ್ಲಿ "ಅಪರೂಪದ ಪುರಾತನ ಸತ್ಸುಮಾ" ಅಂತ ಒಂದು ಚೀಟಿ ಇರತ್ತೆ.

ಕೈಗೆ ತಗೊಂಡ ತಕ್ಷಣ ಎಲ್ಲರೂ ಮಾಡೋದು ಒಂದೇ ಕೆಲಸ, ತಲೆಕೆಳಗು ಮಾಡಿ ತಳದ ಮುದ್ರೆ ನೋಡೋದು. ನನ್ನ ಪ್ರಕಾರ ಮುದ್ರೆ ಕೊನೆಗೆ ನೋಡಬೇಕಾದ್ದು. ಮೊದಲು ನೋಡಬೇಕಾದ್ದು ಚಿತ್ರದಲ್ಲಿರೋ ಮುಖಗಳನ್ನ. ಮುದ್ರೆ ಯಾರು ಬೇಕಾದ್ರೂ ಒತ್ತಬಹುದು, ಒತ್ತಿದ್ದಾರೆ ಕೂಡ, ಆದ್ರೆ ಹುಣಸೆಬೀಜದಷ್ಟು ಜಾಗದಲ್ಲಿ ಒಬ್ಬ ಮುದಿ ಸನ್ಯಾಸಿಯ ನಗು ಬರೆಯೋಕೆ ಪಳಗಿದ ಕೈಯೇ ಬೇಕು. ಈ ಮಾರ್ಗದರ್ಶಿ ಪೂರ್ತಿ ಅದೇ ಕ್ರಮದಲ್ಲಿದೆ.

ಮೊದಲು ಸ್ವಲ್ಪ ಹಿನ್ನೆಲೆ, ಇದು ಗೊತ್ತಿಲ್ಲದಿದ್ರೆ ಮುಂದಿನದು ತಲೆಗೆ ಹತ್ತಲ್ಲ

ಸತ್ಸುಮಾ ಅಂದ್ರೆ ಜಪಾನಿನ ದಕ್ಷಿಣ ತುದಿ, ಕ್ಯೂಶೂ ದ್ವೀಪದಲ್ಲಿ ಈಗಿನ ಕಾಗೊಶಿಮಾ ಪ್ರಾಂತ್ಯ. 1592ರಿಂದ 1598ರ ತನಕ ಜಪಾನ್ ಕೊರಿಯಾ ಮೇಲೆ ಯುದ್ಧ ಮಾಡ್ತಲ್ಲ, ಆಗ ಇಲ್ಲಿನ ದೊರೆ ಶಿಮಾಜು ಯೊಶಿಹಿರೊ ಕೊರಿಯಾದ ಕುಂಬಾರರನ್ನ ಹಿಡಿದು ತಂದ. ಅವರ ವಂಶದವರು ನೆಲೆಸಿದ ಊರು ನಾಯೆಶಿರೊಗಾವಾ, ಈಗ ಮಿಯಾಮಾ ಅಂತಾರೆ, ಚಿನ್ ಜುಕಾನ್ ಮನೆತನದ ಭಟ್ಟಿ ಇವತ್ತಿಗೂ ಅಲ್ಲಿ ನಡೀತಿದೆ. ಕೆನೆಬಣ್ಣದ ಬಿಳಿ ಸತ್ಸುಮಾ ದೊರೆಮನೆಗೆ, ಕಪ್ಪು ಸತ್ಸುಮಾ ಜನಸಾಮಾನ್ಯರ ದಿನಬಳಕೆಗೆ, ಹೀಗೆ ಎರಡು ಬಗೆ ಇದ್ವು. ಆ ಕಾಲದ ಬಿಳಿ ಸತ್ಸುಮಾ ಮೇಲೆ ಅಲಂಕಾರ ಕಮ್ಮಿ. ಹೂವು, ಎಲೆ, ಹಕ್ಕಿ, ಬೇಕಾದಷ್ಟು ಖಾಲಿ ಜಾಗ. ಮನುಷ್ಯರ ಚಿತ್ರ ತೀರಾ ಅಪರೂಪ.

1867ರಲ್ಲಿ ಪ್ಯಾರಿಸ್ ಮಹಾಪ್ರದರ್ಶನಕ್ಕೆ ಸತ್ಸುಮಾ ಸಂಸ್ಥಾನ ತನ್ನದೇ ಮಳಿಗೆ ಹಾಕ್ತು, 1873ರ ವಿಯೆನ್ನಾ ಪ್ರದರ್ಶನದಲ್ಲಿ 12ನೇ ಚಿನ್ ಜುಕಾನ್‌ನ ದೊಡ್ಡ ಹೂದಾನಿ ಜೋಡಿ ಯುರೋಪಿನವರ ಕಣ್ಣು ಕುಕ್ಕಿತು, ಅಲ್ಲಿಂದ ಬೇಡಿಕೆ ಎಷ್ಟು ಏರ್ತು ಅಂದ್ರೆ ಕ್ಯೋಟೊ, ಒಸಾಕಾ, ಯೊಕೊಹಾಮಾ, ಟೋಕ್ಯೊ ಎಲ್ಲಾ ಕಡೆ "ಸತ್ಸುಮಾ" ತಯಾರಾಗೋಕೆ ಶುರುವಾಯ್ತು. ಕೊಳ್ಳೋರಿಗೆ ಬೇಕಾಗಿದ್ದು ಬಂಗಾರ, ತುಂಬಿದ ಚಿತ್ರ, ನಿಗೂಢ ಅನ್ನಿಸೋ ಪೂರ್ವದೇಶದ ದೇವರುಗಳು. ಅರ್ಹಂತರ ಚಿತ್ರ ಪಾತ್ರೆ ತುಂಬಾ ಬಂದಿದ್ದು ಈ ಹೊತ್ತಲ್ಲೇ.

ಇಲ್ಲಿ ಒಂದು ವಿಷಯ ನನ್ನನ್ನ ಬಹಳ ಕಾಡತ್ತೆ. ಅದೇ ವರ್ಷಗಳಲ್ಲಿ, ಆಗಷ್ಟೇ ಬಂದ ಮೇಜಿ ಚಕ್ರವರ್ತಿಯ ಹೊಸ ಸರ್ಕಾರ 1868ರಲ್ಲಿ ಜಪಾನಿನ ಮೂಲಧರ್ಮ ಶಿಂಟೊ ಮತ್ತು ಬೌದ್ಧ ಧರ್ಮಗಳನ್ನ ಬೇರ್ಪಡಿಸಿದ ಮೇಲೆ, ಇಡೀ ಜಪಾನಿನಲ್ಲೇ ಬೌದ್ಧ ದೇವಾಲಯಗಳ ಮೇಲೆ ಅತಿ ಕಠೋರವಾಗಿ ನಡ್ಕೊಂಡ ಸಂಸ್ಥಾನಗಳಲ್ಲಿ ಸತ್ಸುಮಾನೂ ಒಂದು. ಸಾವಿರಕ್ಕೂ ಹೆಚ್ಚು ದೇವಾಲಯ ಮುಚ್ಚಿಸಿದ್ರು, ಒಡೆದ್ರು, ಭಿಕ್ಷುಗಳನ್ನ ಲೌಕಿಕಕ್ಕೆ ಕಳಿಸಿದ್ರು. ಬುದ್ಧನ ಹೆಸರು ಅಳಿಸಿಹಾಕಿದ ನಾಡಿನ ಹೆಸರಲ್ಲೇ ಬುದ್ಧನ ಶಿಷ್ಯರ ಚಿತ್ರ ಹಡಗಲ್ಲಿ ಪರದೇಶಕ್ಕೆ ಹೋಯ್ತು. ಹಾಗಾಗಿ "ಇದು ಸತ್ಸುಮಾದ ಬೌದ್ಧ ದೇವಾಲಯದಲ್ಲಿ ಪೂಜೆಗೆ ಇಟ್ಟಿದ್ದು" ಅಂತ ಯಾರಾದ್ರೂ ಕಥೆ ಕಟ್ಟಿದ್ರೆ ನಂಬಬೇಡಿ. "400 ವರ್ಷ ಹಳೇದು" ಅಂದ್ರೂ ನಂಬಬೇಡಿ. ಅರ್ಹಂತರು ತುಂಬಿಕೊಂಡಿರೋ ಸತ್ಸುಮಾ ಅಂದ್ರೆ ಹೆಚ್ಚುಕಮ್ಮಿ 1870ರ ಆಮೇಲಿನದ್ದೇ.

ಹಂತ 1: ಕೈಗೆ ಏನೇನು ಬೇಕು

ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಭೂತಗನ್ನಡಿ, ಒಡವೆ ಅಂಗಡಿಯವರು ಕಣ್ಣಿಗೆ ಇಟ್ಕೊಳ್ತಾರಲ್ಲ ಅದು. ಒಂದು ಸಣ್ಣ ಎಲ್‌ಇಡಿ ಟಾರ್ಚ್. ಒಂದು ಯುವಿ ಟಾರ್ಚ್, 365 ನ್ಯಾನೋಮೀಟರ್ ಅಂತ ಬರೆದಿರೋದು ತಗೊಳ್ಳಿ. ಮೇಜಿನ ಮೇಲೆ ಹಾಸೋಕೆ ದಪ್ಪ ಟವೆಲ್. ಇಷ್ಟು ಸಾಕು. ಕೈಯಲ್ಲಿ ಉಂಗುರ, ಬಳೆ, ವಾಚ್ ಇದ್ರೆ ತೆಗೆದಿಡಿ. ಪಾತ್ರೆ ಎತ್ತುವಾಗ ಹಿಡಿಕೆ ಅಥವಾ ಕಂಠ ಹಿಡಿದು ಎತ್ತಬೇಡಿ, ಡ್ರ್ಯಾಗನ್ ಆಕಾರದ ಹಿಡಿಕೆಗಳು ಆಮೇಲೆ ಅಂಟಿಸಿದವು, ಹಳೇ ರಿಪೇರಿ ಇದ್ರೆ ಕೈಯಲ್ಲೇ ಕಿತ್ಕೊಂಡು ಬರತ್ತೆ. ಒಂದು ಕೈ ತಳದಲ್ಲಿ, ಇನ್ನೊಂದು ಹೊಟ್ಟೆ ಮೇಲೆ.

ಹಂತ 2: ಮಣ್ಣೋ ಪಿಂಗಾಣಿಯೋ

ಸತ್ಸುಮಾ ಪಿಂಗಾಣಿ ಅಲ್ಲ. ಪಿಂಗಾಣಿಗಿಂತ ಕಮ್ಮಿ ಬಿಸಿಯಲ್ಲಿ ಸುಟ್ಟ ಕೆನೆಬಣ್ಣದ ಮಣ್ಣು. ಟಾರ್ಚ್ ಒಳಗಿಟ್ಟು ಹೊರಗಿಂದ ನೋಡಿ, ಬೆಳಕು ಹಾಯಬಾರದು. ತೆಳ್ಳಗಿನ ಭಾಗದಲ್ಲಿ ಬೆಳಕು ಹಾಲಿನಂತೆ ಹೊರಗೆ ಕಂಡ್ರೆ ಅದು ಪಿಂಗಾಣಿ, ಬಹುಶಃ ಕುಟಾನಿ. ಕುಟಾನಿ ಅಂದ್ರೆ ಈಗಿನ ಇಶಿಕಾವಾ ಪ್ರಾಂತ್ಯದ ಕೆಲಸ, ಅಲ್ಲೂ ಕೆಂಪು ಬಂಗಾರದಲ್ಲಿ ಅರ್ಹಂತರನ್ನ ತುಂಬಾ ಬರೆದಿದ್ದಾರೆ, ಅದೂ ಚೆನ್ನಾಗೇ ಇರತ್ತೆ, ಆದ್ರೆ ಅದನ್ನ ಸತ್ಸುಮಾ ಅಂತ ಮಾರಿದ್ರೆ ಮಾರೋರಿಗೆ ವಿಷಯ ಗೊತ್ತಿಲ್ಲ ಅಂತ ಅರ್ಥ.

ಉಗುರಿಂದ ಮೆಲ್ಲಗೆ ತಟ್ಟಿದ್ರೆ ಪಿಂಗಾಣಿ ಠಣ್ ಅನ್ನತ್ತೆ, ಸತ್ಸುಮಾ ಮಂದವಾಗಿ ಸದ್ದು ಮಾಡತ್ತೆ. ತಳದ ಉಂಗುರದಲ್ಲಿ ಗ್ಲೇಜ್, ಅಂದ್ರೆ ಮೇಲಿನ ಗಾಜಿನಂಥ ಲೇಪ, ಇಲ್ಲದ ಮಣ್ಣು ಕಾಣತ್ತಲ್ಲ, ಅಲ್ಲಿ ಒದ್ದೆ ಬೆರಳು ಒತ್ತಿ, ಮಣ್ಣು ತೇವ ಹೀರಿಕೊಂಡು ಸ್ವಲ್ಪ ಕಪ್ಪಾಗತ್ತೆ.

ಆಮೇಲೆ ಗ್ಲೇಜ್ ಮೇಲಿನ ಕೂದಲೆಳೆ ಬಿರುಕಿನ ಬಲೆ. ಮಣ್ಣು ಒಂದು ಪ್ರಮಾಣದಲ್ಲಿ ಕುಗ್ಗತ್ತೆ, ಮೇಲಿನ ಗಾಜಿನ ಪದರ ಇನ್ನೊಂದು ಪ್ರಮಾಣದಲ್ಲಿ, ಆ ಎಳೆದಾಟಕ್ಕೆ ಗ್ಲೇಜ್ ನುಣ್ಣಗೆ ಸೀಳತ್ತೆ. ಇದು ದೋಷ ಅಲ್ಲ, ಸತ್ಸುಮಾದ ಗುಣವೇ ಇದು. ಒಳ್ಳೇ ಕೆಲಸದಲ್ಲಿ ಈ ಬಲೆ ತುಂಬಾ ಸಣ್ಣದು, ಬರಿಗಣ್ಣಿಗೆ ಸರಿಯಾಗಿ ಕಾಣೋದೂ ಇಲ್ಲ. ಹಳೇ ಪಾತ್ರೆಯಲ್ಲಿ ಕೊಳೆ ಅಲ್ಲಲ್ಲಿ ಮಾತ್ರ ಕೂತಿರತ್ತೆ, ಕೈ ಬಿದ್ದ ಕಡೆ, ನೀರು ನಿಂತ ಕಡೆ. ಇಡೀ ಪಾತ್ರೆಗೆ ಒಂದೇ ಸಮ ಕಂದು ಬಣ್ಣ ಕೂತಿದ್ರೆ ಹಳೇದು ಕಾಣ್ಲಿ ಅಂತ ಬಣ್ಣ ಕುಡಿಸಿರೋ ಸಾಧ್ಯತೆ ಇದೆ, ತಳ ಮತ್ತೆ ಬಾಯಿಯ ಒಳಭಾಗ ಎರಡನ್ನೂ ಹೋಲಿಸಿ ನೋಡಿ.

ಹಂತ 3: ಚಿತ್ರದಲ್ಲಿರೋರು ಯಾರು

ಈ ಹಂತದಲ್ಲಿ ನಮಗೆ ಬೇರೆಯವರಿಗಿಲ್ಲದ ಒಂದು ಅನುಕೂಲ ಇದೆ. ಇಲ್ಲಿರೋ ಅರ್ಧಕ್ಕರ್ಧ ಜನ ಭಾರತದಿಂದ ಹೋದವರು.

ಬೋಳುತಲೆ, ಉದ್ದ ಹುಬ್ಬು, ಸುಕ್ಕು ಮುಖದ ಸನ್ಯಾಸಿಗಳು ಅರ್ಹಂತರು, ಜಪಾನಿನಲ್ಲಿ ರಾಕನ್ ಅಂತಾರೆ. ಬುದ್ಧ ತನ್ನ 16 ಶಿಷ್ಯರಿಗೆ ನೀವು ನಿರ್ವಾಣಕ್ಕೆ ಹೋಗದೆ ಲೋಕದಲ್ಲೇ ಇದ್ದು ಧರ್ಮ ಕಾಪಾಡಿ ಅಂತ ಹೇಳಿದ ಅನ್ನೋ ಕಥೆ, ಅದರ ಗ್ರಂಥವನ್ನ 7ನೇ ಶತಮಾನದಲ್ಲಿ ಚೀನಿ ಭಾಷೆಗೆ ತಂದಿದ್ದು ನಮ್ಮ ಪಠ್ಯಪುಸ್ತಕದ ಹ್ಯೂಯೆನ್‌ತ್ಸಾಂಗ್. ಚೀನಾದಲ್ಲಿ ಅವರು 18 ಆದ್ರು, ಜಪಾನಿನಲ್ಲಿ ಸಾಮಾನ್ಯವಾಗಿ 16, ಕೆಲವು ಕಡೆ 500. ಪಾತ್ರೆ ಮೇಲೆ ಎಣಿಸಿದ್ರೆ ಲೆಕ್ಕ ಸರಿಹೋಗಲ್ಲ, ಜಾಗ ಇದ್ದಷ್ಟು ಬರೆದಿರ್ತಾರೆ, ಅದಕ್ಕೆ ತಲೆ ಕೆಡಿಸ್ಕೋಬೇಡಿ.

ಕೆಲವರನ್ನ ಗುರುತಿಸಬಹುದು. ಭಿಕ್ಷಾಪಾತ್ರೆಯಿಂದ ಡ್ರ್ಯಾಗನ್ ಮೇಲೇಳ್ತಿದ್ರೆ ಅದು ಹಂದಾಕಾ, ಅಂದ್ರೆ ಪಂಥಕ. ತನ್ನ ಎದೆಯನ್ನ ಎರಡೂ ಕೈಯಿಂದ ತೆರೆದು ಒಳಗಿರೋ ಬುದ್ಧನ ಮುಖ ತೋರಿಸೋನು ರಾಗೊರಾ, ಬುದ್ಧನ ಮಗ ರಾಹುಲ, ಕ್ಯೋಟೊ ಹತ್ತಿರದ ಉಜಿಯಲ್ಲಿರೋ ಮನ್‌ಪುಕುಜಿ ದೇವಾಲಯದಲ್ಲಿ ಇದೇ ಭಂಗಿಯ ಮೂರ್ತಿ ಇದೆ. ಎದೆ ಸೀಳಿ ರಾಮನನ್ನ ತೋರಿಸೋ ಹನುಮಂತನನ್ನ ನೋಡಿ ಬೆಳೆದವರಿಗೆ ಈ ಚಿತ್ರದ ಭಾವ ಯಾರೂ ವಿವರಿಸಬೇಕಿಲ್ಲ. ಬಿಂಜುರು ಅನ್ನೋನು ಪಿಂಡೋಲ ಭಾರದ್ವಾಜ, ನಾರಾ ಊರಿನ ತೊದಾಯ್‌ಜಿಯಲ್ಲಿ ಮಹಾಬುದ್ಧನ ಮಂದಿರದ ಹೊರಗೆ ಇವನ ಮರದ ಮೂರ್ತಿ ಇದೆ, ನೋವಿರೋ ಭಾಗವನ್ನ ಆ ಮೂರ್ತಿಯಲ್ಲಿ ಮುಟ್ಟಿ ಆಮೇಲೆ ತಮ್ಮ ಮೈಯಲ್ಲಿ ಮುಟ್ಕೊಳ್ತಾರೆ.

ಮಧ್ಯದ ದೇವತೆ ಕನ್ನೊನ್, ಅವಲೋಕಿತೇಶ್ವರ. ಬಿಳಿ ಮುಸುಕು, ಕಿರೀಟದಲ್ಲಿ ಸಣ್ಣ ಬುದ್ಧ, ಕೆಲವೊಮ್ಮೆ ಕೈಯಲ್ಲಿ ನೀರಿನ ಕಲಶ ಅಥವಾ ವಿಲೋ ಮರದ ಕೊಂಬೆ. ಡ್ರ್ಯಾಗನ್ ತಲೆ ಮೇಲೆ ನಿಂತಿದ್ರೆ ಕನ್ನೊನ್‌ಗೆ ಹೇಳೋ 33 ರೂಪಗಳಲ್ಲಿ ಅದೂ ಒಂದು. ಮಂಗಳೂರಿನ ಕದ್ರಿ ಮಂಜುನಾಥ ದೇವಸ್ಥಾನಕ್ಕೆ ಹೋದವರು ಮೂರು ಮುಖ ಆರು ಕೈಯ ಲೋಕೇಶ್ವರನ ಕಂಚಿನ ಮೂರ್ತಿ ನೋಡಿರ್ತೀರಿ, ಆಳುಪ ದೊರೆ ಕುಂದವರ್ಮ 968ರಲ್ಲಿ ಪ್ರತಿಷ್ಠೆ ಮಾಡಿಸಿದ್ದು ಅಂತ ಪೀಠದ ಶಾಸನ ಹೇಳತ್ತೆ. ಆ ಲೋಕೇಶ್ವರ, ಈ ಕನ್ನೊನ್ ಇಬ್ಬರೂ ಒಬ್ಬರೇ. ಗೊತ್ತಾದ ಮೇಲೆ ಹೂದಾನಿ ಮೇಲಿನ ಆ ಬಿಳಿ ಮುಸುಕಿನ ಮುಖ ಪರದೇಶದ್ದು ಅನ್ನಿಸೋದೇ ಇಲ್ಲ.

ಉರಿಯೋ ಬೆಂಕಿ ಹಿಂದೆ, ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ಹಗ್ಗ, ಕೋಪದ ಮುಖ ಇದ್ರೆ ಫುದೋ, ಅಂದ್ರೆ ಅಚಲ. ಬಿಳಿ ಆನೆ ಮೇಲೆ ಕೂತಿದ್ರೆ ಫುಗೆನ್, ಸಮಂತಭದ್ರ. ಸಿಂಹದ ಮೇಲಿದ್ರೆ ಮೊಂಜು, ಮಂಜುಶ್ರೀ. ವೀಣೆ ಥರದ ಬಿವಾ ಹಿಡಿದ ಹೆಣ್ಣು ಬೆನ್‌ಜಾಯ್‌ತೆನ್, ನಮ್ಮ ಸರಸ್ವತಿ, ಅವಳ ಜೊತೆ ಇನ್ನೂ ಆರು ಜನ ಇದ್ರೆ ಅದು ಏಳು ಅದೃಷ್ಟದೇವತೆಗಳ ಚಿತ್ರ. ಕಪ್ಪೆ ಹೊತ್ತ ಸಾಧು, ರಾಕ್ಷಸರನ್ನ ಅಟ್ಟಿಸೋ ಗಡ್ಡದ ಶೋಕಿ, ಸಮುರಾಯ್, ಗೆಯ್ಶಾ, ಇವರ್‍ಯಾರೂ ಬೌದ್ಧ ಚಿತ್ರದೋರಲ್ಲ, ಮಾರೋರು ಮಾತ್ರ ಎಲ್ಲರನ್ನೂ ಒಂದೇ ಪಟ್ಟಿಗೆ ಸೇರಿಸಿರ್ತಾರೆ. ಬಾಯಿ ಅಂಚಿನ ಜಾಲರಿ ಸರಿಯಾಗಿ ನೋಡಿ, ಸ್ವಸ್ತಿಕಗಳನ್ನ ಒಂದಕ್ಕೊಂದು ಹೆಣೆದು ಮಾಡಿದ ವಿನ್ಯಾಸ ಎಷ್ಟೋ ಸಲ ಅಲ್ಲಿ ಅಡಗಿರತ್ತೆ.

ಹಂತ 4: ಭೂತಗನ್ನಡಿ ಹಿಡಿದು ಮುಖ ಓದೋದು

ಆತುರ ಬೇಡ, ಇದಕ್ಕೇ ಹೆಚ್ಚು ಸಮಯ ಕೊಡಿ. ಒಂದೇ ಮುಖ ಆರಿಸ್ಕೊಳ್ಳಿ, ಸಾಧ್ಯ ಆದ್ರೆ ಮೂಲೆಯಲ್ಲಿ, ಹಿಂದಿನ ಸಾಲಲ್ಲಿ ಇರೋದನ್ನ. ಮುಂದಿನ ಸಾಲಿನ ಮುಖಗಳನ್ನ ಯಾರಾದ್ರೂ ಮನಸ್ಸಿಟ್ಟು ಬರೀತಾರೆ, ಹಿಂದಿನವನನ್ನ ಹೇಗೆ ಬರೆದಿದ್ದಾರೆ ಅನ್ನೋದರಲ್ಲಿ ಇಡೀ ಕಾರ್ಖಾನೆಯ ಮಟ್ಟ ಗೊತ್ತಾಗತ್ತೆ.

ನಾನು ಕೈಯಲ್ಲಿ ಹಿಡಿದು ನೋಡಿದ ಒಂದು ಸಣ್ಣ ಬಟ್ಟಲಿನ ಬಗ್ಗೆ ಹೇಳ್ತೀನಿ, ಅಂಗೈಗಿಂತ ಚಿಕ್ಕದು. ಒಳಗೋಡೆ ಮೇಲೆ ಅರ್ಹಂತರ ಸಾಲು, ಒಬ್ಬೊಬ್ಬರ ಮುಖವೂ ಉದ್ದಿನಕಾಳಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಭೂತಗನ್ನಡಿಯಲ್ಲಿ ನೋಡಿದ್ರೆ ಹುಬ್ಬಿನ ಒಂದೊಂದು ಕೂದಲೂ ಬೇರೆ ಬೇರೆ ಗೆರೆ, ಬುಡದಲ್ಲಿ ಸ್ವಲ್ಪ ದಪ್ಪ, ತುದಿಯಲ್ಲಿ ಇಲ್ಲವೇ ಇಲ್ಲ ಅನ್ನೋಷ್ಟು ಸಣ್ಣ. ಕಣ್ಣಿನ ಮೇಲ್‌ರೆಪ್ಪೆ ಕಪ್ಪು, ಕೆಳರೆಪ್ಪೆ ತಿಳಿ ಕಂದು. ಕೆನ್ನೆಗೆ ಕೆಂಪು ಬಣ್ಣ ಬಳಿದಿಲ್ಲ, ಸಣ್ಣ ಸಣ್ಣ ಚುಕ್ಕಿ ಇಟ್ಟು ತುಂಬಿದ್ದಾರೆ, ದೂರದಿಂದ ಅದು ಮೈಬಣ್ಣದ ಹಾಗೆ ಕಾಣತ್ತೆ. ಒಬ್ಬನಿಗೆ ಹಲ್ಲಿಲ್ಲದ ಬಾಯಿ, ಒಬ್ಬ ಕಿವಿ ಕೆರ್ಕೊಳ್ತಿದ್ದಾನೆ, ಒಬ್ಬ ಪಕ್ಕದವನ ಸುರುಳಿ ಓಲೆಯಲ್ಲಿ ಇಣುಕ್ತಿದ್ದಾನೆ. ಒಬ್ಬರ ಮುಖ ಇನ್ನೊಬ್ಬರಿಗಿಲ್ಲ. ಎಲ್ಲೂ ಗೆರೆ ತಡವರಿಸಿಲ್ಲ, ವರ್ಷಗಟ್ಟಲೆ ಅಂಗಳದಲ್ಲಿ ರಂಗೋಲಿ ಎಳೆದ ಕೈಗೆ ಎಳೆ ಹೇಗೆ ಒಂದೇ ಓಟದಲ್ಲಿ ಬರತ್ತೋ ಹಾಗೆ.

ಇದರ ಪಕ್ಕ 1920-30ರ ಸುಮಾರಿನ ಮಾಮೂಲಿ ರಫ್ತು ಹೂದಾನಿ ಇಡಿ. ಕಂದು ಅಥವಾ ಕಪ್ಪು ಹಿನ್ನೆಲೆ, ಪ್ರಭಾವಳಿ ದಪ್ಪಗೆ ಉಬ್ಬಿಸಿರತ್ತೆ, ಬಣ್ಣದ ಬೊಟ್ಟುಗಳು ಬೆರಳಿಗೆ ತಗಲತ್ತೆ, ದೂರದಿಂದ ಝಗಮಗ ಅನ್ನತ್ತೆ. ಹತ್ತಿರ ಹೋದ್ರೆ ಎಲ್ಲರಿಗೂ ಒಂದೇ ಮೂಗು, ಕಣ್ಣು ಅಂದ್ರೆ ಎರಡು ಕಪ್ಪು ಗೀಟು, ಕೈಬೆರಳು ಎಣಿಸೋಕೇ ಆಗಲ್ಲ. ಇದೂ ಹಳೇದೇ, ಇದೂ ನಿಜವಾದ ಜಪಾನಿ ಕೆಲಸವೇ, ಇಷ್ಟ ಆದ್ರೆ ಖಂಡಿತ ಇಟ್ಕೊಳ್ಳಿ, ಆದ್ರೆ ಆ ಬಟ್ಟಲಿನ ಬೆಲೆ ಇದಕ್ಕೆ ಕೊಡಬೇಡಿ.

ಭೂತಗನ್ನಡಿಯಲ್ಲಿ ಬಣ್ಣ ಪೂರ್ತಿ ಸಮನಾದ ಪುಟ್ಟ ಚುಕ್ಕಿಗಳಾಗಿ, ಪತ್ರಿಕೆಯಲ್ಲಿ ಅಚ್ಚಾದ ಫೋಟೋ ಥರ ಕಂಡ್ರೆ ಅದು ಪ್ರಿಂಟ್ ಮಾಡಿ ಅಂಟಿಸಿದ ಚಿತ್ರ, ಬಿಟ್ಟುಬಿಡಿ. ಆದ್ರೆ ಇಲ್ಲೊಂದು ಎಚ್ಚರ ಬೇಕು. ಹೊರರೇಖೆ ಮಾತ್ರ ಯಂತ್ರದಷ್ಟು ಕರಾರುವಾಕ್ಕಾಗಿದೆ, ಒಳಗಿನ ಬಣ್ಣ ಕೈಯದ್ದು ಅನ್ನಿಸಿದ್ರೆ ತಕ್ಷಣ ನಕಲಿ ಅನ್ನಬೇಡಿ. ಒಸಾಕಾದ ಯಾಬು ಮೈಜಾನ್, 1853ರಿಂದ 1934ರ ತನಕ ಬದುಕಿದ್ದವನು, ಈ ಕ್ಷೇತ್ರದ ಅತಿ ದೊಡ್ಡ ಹೆಸರುಗಳಲ್ಲಿ ಒಬ್ಬ, ಅವನ ಕಾರ್ಯಾಗಾರದಲ್ಲಿ ವಿನ್ಯಾಸದ ಹೊರರೇಖೆಯನ್ನ ತಾಮ್ರದ ತಗಡಿನಿಂದ ಪಾತ್ರೆಗೆ ಇಳಿಸ್ಕೊಳ್ತಿದ್ರು, ಆಮೇಲೆ ಕುಂಚದಲ್ಲಿ ತುಂಬ್ತಿದ್ರು.

ಹಂತ 5: ಬಂಗಾರ ಮತ್ತು ಬಣ್ಣ

ಹಳೇ ಒಳ್ಳೇ ಕೆಲಸದ ಬಂಗಾರ ಮೆದುವಾಗಿ ಹೊಳೆಯತ್ತೆ, ಕನ್ನಡಿ ಥರ ಫಳಫಳ ಅನ್ನಲ್ಲ. ಬಂಗಾರದ ಪುಡಿ ಹಚ್ಚಿ ಸುಟ್ಟು ಆಮೇಲೆ ಉಜ್ಜಿ ಹೊಳಪು ತರ್ತಿದ್ರು. ದ್ರವರೂಪದ ಅಗ್ಗದ ಬಂಗಾರ ಬಂದ ಮೇಲೆ ಹೊಳಪು ಜಾಸ್ತಿ ಆಯ್ತು, ಗಟ್ಟಿತನ ಕಮ್ಮಿ ಆಯ್ತು. ಬಂಗಾರ ಎಲ್ಲಿ ಸವೆದಿದೆ ನೋಡಿ, ಬಾಯಿ ಅಂಚು, ಹಿಡಿಕೆ, ಹೊಟ್ಟೆಯ ಉಬ್ಬಿದ ಭಾಗ ಆಗಿದ್ರೆ ಸಹಜ. ಕೈ ಹೋಗೋಕೇ ಆಗದ ಸಂದಿಯಲ್ಲಿ ಸವೆದು, ಅಂಚಿನಲ್ಲಿ ಹೊಸದಾಗಿದ್ರೆ ಯಾರೋ ಬೇಕಂತ ಉಜ್ಜಿದ್ದಾರೆ.

ಗ್ಲೇಜ್ ಕೆಳಗಿನ ಗಾಢ ನೀಲಿ ಇರೋ ತುಂಡುಗಳು ಕಮ್ಮಿ, ಹಾಗಾಗಿ ಸಂಗ್ರಾಹಕರು ಅವನ್ನ ಹುಡುಕ್ತಾರೆ. ಗ್ಲೇಜ್ ಮೇಲಿನ ನೀಲಿ ಉಗುರಿಗೆ ಸ್ವಲ್ಪ ಉಬ್ಬಿದ ಹಾಗೆ ಸಿಗತ್ತೆ, ಕೆಳಗಿನದು ಸಿಗಲ್ಲ.

ಹಂತ 6: ಈಗ ತಳ ತಿರುಗಿಸಿ

ವೃತ್ತದೊಳಗೆ ಪ್ಲಸ್ ಗುರುತು ಇದ್ರೆ ಅದು ಶಿಮಾಜು ಮನೆತನದ ಲಾಂಛನ. "ರಾಜಮನೆತನದ ಮುದ್ರೆ" ಅಂತ ಇದಕ್ಕೇ ಬೆಲೆ ಏರಿಸ್ತಾರೆ, ಆದ್ರೆ 1871ರಲ್ಲಿ ಸಂಸ್ಥಾನಗಳೇ ರದ್ದಾದವು, ಆಮೇಲೆ ಕ್ಯೋಟೊದವರು ಯೊಕೊಹಾಮಾದವರು ಎಲ್ಲರೂ ಮಾರಾಟಕ್ಕೆ ಅನುಕೂಲ ಅಂತ ಇದನ್ನ ಬರೀತಿದ್ರು. ಸತ್ಸುಮಾ ಶೈಲಿ ಅನ್ನೋದಕ್ಕಿಂತ ಹೆಚ್ಚಿನ ಅರ್ಥ ಅದಕ್ಕಿಲ್ಲ. "ದಾಯ್ ನಿಪ್ಪೋನ್" ಅಂತ ಜಪಾನಿ ಅಕ್ಷರದಲ್ಲಿ ಇದ್ರೆ ಮಹಾ ಜಪಾನ್ ಅಂತ, ಮೇಜಿ ಕಾಲದ, ಅಂದ್ರೆ 1868ರಿಂದ 1912ರ ತನಕದ, ರಫ್ತು ಸಾಮಾನಲ್ಲಿ ತುಂಬಾ ಕಾಣತ್ತೆ.

ಇಂಗ್ಲಿಷ್ ಅಕ್ಷರಗಳು ಕಾಲ ತಿಳಿಯೋಕೆ ಒಳ್ಳೇ ಸುಳಿವು. ಅಮೆರಿಕ 1890ರಲ್ಲಿ ಸುಂಕದ ಕಾನೂನು ಮಾಡಿ ಆಮದು ಸಾಮಾನಿನ ಮೇಲೆ ಯಾವ ದೇಶದ್ದು ಅಂತ ಇಂಗ್ಲಿಷಿನಲ್ಲಿ ಬರೀಲೇಬೇಕು ಅಂತು, 1891ರಿಂದ ಜಾರಿಗೆ ಬಂತು. ಆಗ ನಿಪ್ಪೋನ್ ಅಂತ ಬರೀತಿದ್ರು, 1921ರಲ್ಲಿ ಆ ಪದ ನಡೆಯಲ್ಲ, ಜಪಾನ್ ಅಂತಲೇ ಬರೀಬೇಕು ಅಂದ್ರು. "ಮೇಡ್ ಇನ್ ಜಪಾನ್" ಇದ್ರೆ ಸಾಮಾನ್ಯವಾಗಿ ಅದರ ನಂತರದ್ದು. "ಆಕ್ಯುಪೈಡ್ ಜಪಾನ್" ಇದ್ರೆ ಎರಡನೇ ಮಹಾಯುದ್ಧ ಮುಗಿದ ಮೇಲೆ, 1952ರ ಒಳಗೆ. ಇಂಗ್ಲಿಷ್ ಇಲ್ಲದ ಮಾತ್ರಕ್ಕೆ 1891ಕ್ಕಿಂತ ಹಿಂದಿನದು ಅಂತ ಹೇಳೋಕಾಗಲ್ಲ, ಯುರೋಪಿಗೆ ಹೋದದ್ದಕ್ಕೆ, ಪ್ರವಾಸಿಗಳು ಅಲ್ಲೇ ಕೊಂಡದ್ದಕ್ಕೆ ಅದು ಬೇಕಿರಲಿಲ್ಲ. "ರಾಯಲ್ ಸತ್ಸುಮಾ" ಅಂತ ಇಂಗ್ಲಿಷಿನಲ್ಲಿ ಇದ್ರೆ ಮಾತ್ರ ಯೋಚನೆ ಮಾಡೋದೇ ಬೇಡ, ಅದು ಇತ್ತೀಚಿನ ತಯಾರಿ.

ಹೆಸರುಗಳಲ್ಲಿ ನೆನಪಿಡಬೇಕಾದವು ಯಾಬು ಮೈಜಾನ್, ಕ್ಯೋಟೊದ ಅವಾತಾ ಭಾಗದ ದೊಡ್ಡ ಕಾರ್ಖಾನೆ ನಡೆಸಿದ ಕಿಂಕೋಜಾನ್, ಕ್ಯೋಟೊದ್ದೇ ರ್‍ಯೋಜಾನ್, ಯೊಕೊಹಾಮಾದ ಮಕುಜು ಕೋಜಾನ್. ಈ ಹೆಸರುಗಳ ಸುಳ್ಳು ಮುದ್ರೆಗಳೂ ಬೇಕಾದಷ್ಟಿವೆ. ಮುದ್ರೆಯ ಫೋಟೋ ತೆಗೆದು ಫೋನಿನ ಅನುವಾದ ಆ್ಯಪಿಗೆ ತೋರಿಸಿದ್ರೆ ಅಕ್ಷರ ಓದತ್ತೆ, ಆದ್ರೆ ಹಂತ 4ರಲ್ಲಿ ಪಾಸಾಗದ ಪಾತ್ರೆಯ ತಳದಲ್ಲಿ ಮೈಜಾನ್ ಹೆಸರಿದ್ರೆ ಮುಖಗಳನ್ನ ನಂಬಿ, ಹೆಸರನ್ನಲ್ಲ.

ಹಂತ 7: ಒಡೆದಿದ್ದು, ಅಂಟಿಸಿದ್ದು, ತೂತು ಕೊರೆದಿದ್ದು

ಕತ್ತಲೆ ಕೋಣೆಯಲ್ಲಿ ಯುವಿ ಟಾರ್ಚ್ ಬಿಡಿ. ಆಧುನಿಕ ಅಂಟು, ಬಣ್ಣ, ವಾರ್ನಿಶ್ ಹಚ್ಚಿದ ಜಾಗ ಉಳಿದ ಗ್ಲೇಜಿಗಿಂತ ಬೇರೆ ಥರ ಬೆಳಗತ್ತೆ. ಬಾಯಿ ಅಂಚು, ಹಿಡಿಕೆಯ ಬುಡ, ಮುಚ್ಚಳದ ಮೇಲಿನ ಸಿಂಹದ ಕಿವಿ, ಇಲ್ಲೆಲ್ಲ ನಿಧಾನವಾಗಿ ಬಿಡಿ. ಒಳಗೋಡೆಯನ್ನ ಬೆರಳಿಂದ ಸವರಿ, ಹೊರಗೆ ಮುಚ್ಚಿದ ಬಿರುಕು ಒಳಗೆ ಕೈಗೆ ಸಿಗತ್ತೆ. ಗ್ಲೇಜಿನ ಬಲೆಗೂ ನಿಜವಾದ ಬಿರುಕಿಗೂ ವ್ಯತ್ಯಾಸ ಏನಂದ್ರೆ ನಿಜವಾದ ಬಿರುಕು ಒಂದೇ ದಿಕ್ಕಿಗೆ ಉದ್ದಕ್ಕೆ ಹೋಗಿರತ್ತೆ, ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣತ್ತೆ.

ತಳದಲ್ಲಿ ದುಂಡನೆ ತೂತು ಇದ್ರೆ ಪಶ್ಚಿಮದಲ್ಲಿ ಯಾರೋ ಟೇಬಲ್ ಲ್ಯಾಂಪ್ ಮಾಡ್ಕೊಂಡಿದ್ರು ಅಂತ. ಇದು ಬಹಳ ನಡೆದಿದೆ, ಬೆಲೆ ಚೆನ್ನಾಗಿ ಇಳಿಯತ್ತೆ. ಚಿತ್ರ ಒಳ್ಳೇದಿದ್ದು ನಿಮಗೆ ಮಾರೋ ಯೋಚನೆ ಇಲ್ಲದಿದ್ರೆ, ಕಮ್ಮಿ ದುಡ್ಡಲ್ಲಿ ಒಳ್ಳೇ ಕೈಗೆಲಸ ಮನೆಗೆ ಬರೋ ದಾರಿಯೂ ಇದೇ.

ಹಂತ 8: ಕೊಳ್ಳುವಾಗ

ಕೊಳ್ಳೋಕೆ ಮುಂಚೆ ನಿಜವಾದ ಒಳ್ಳೇ ಕೆಲಸವನ್ನ ಕಣ್ಣಾರೆ ನೋಡಿ. ನಮಗೆ ಹತ್ತಿರ ಅಂದ್ರೆ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ, ಅಲ್ಲಿನ ಜಪಾನ್ ವಿಭಾಗದಲ್ಲಿ ಸತ್ಸುಮಾನೂ ಇದೆ. ಲಂಡನ್ನಿನವರಿಗೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಇದೆ. ಜಪಾನಿಗೆ ಹೋಗೋರು ಕ್ಯೋಟೊದಲ್ಲಿ ಕಿಯೊಮಿಜು ಸನ್ನೆನ್‌ಜಾಕಾ ಮ್ಯೂಸಿಯಂ ತಪ್ಪಿಸಬೇಡಿ, ಮೇಜಿ ಕಾಲದ ಕುಸುರಿ ಕೆಲಸಕ್ಕೇ ಮೀಸಲಾದ ಜಾಗ ಅದು. ಬಾಸ್ಟನ್ನಿನ ಲಲಿತಕಲಾ ಮ್ಯೂಸಿಯಂ 1892ರಲ್ಲಿ ಎಡ್ವರ್ಡ್ ಮೋರ್ಸ್ ಅನ್ನೋರ ಜಪಾನಿ ಕುಂಬಾರಿಕೆ ಸಂಗ್ರಹ ಕೊಂಡ್ಕೊಂಡಿತು, ಆ ಮೋರ್ಸ್‌ಗೆ ಈ ಬಂಗಾರ ತುಂಬಿದ ರಫ್ತು ಸತ್ಸುಮಾ ಕಂಡ್ರೆ ಆಗ್ತಿರಲಿಲ್ಲ, ಹಳೇ ಸರಳ ಪಾತ್ರೆಗಳೇ ನಿಜವಾದ ಜಪಾನ್ ಅಂತಿದ್ರು. ಅವರ ಮಾತಲ್ಲಿ ಹುರುಳಿದೆ, ಆದ್ರೂ ಕೆಟ್ಟ ಕೆಲಸದ ರಾಶಿ ನೋಡಿ ಒಳ್ಳೇ ಕೆಲಸವನ್ನೂ ತಳ್ಳಿಹಾಕೋದು ಸರಿ ಅಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸತ್ತೆ.

ಆನ್‌ಲೈನಲ್ಲಿ ಕೊಳ್ಳೋದಾದ್ರೆ ಮಾರೋರಿಗೆ ಇಷ್ಟು ಫೋಟೋ ಕೇಳಿ: ನೈಸರ್ಗಿಕ ಬೆಳಕಲ್ಲಿ ನಾಲ್ಕೂ ಕಡೆ, ಬಾಯಿಯ ಒಳಗೆ, ತಳದ ಉಂಗುರ ಪೂರ್ತಿ, ಹಿಂದಿನ ಸಾಲಿನ ಎರಡು ಮೂರು ಮುಖಗಳ ಕ್ಲೋಸಪ್. "ರಿಪೇರಿ ಆಗಿದೆಯಾ, ಲ್ಯಾಂಪ್ ಆಗಿತ್ತಾ" ಅಂತ ನೇರವಾಗಿ ಬರೆದು ಕೇಳಿ, ಉತ್ತರವನ್ನ ಇಟ್ಕೊಳ್ಳಿ. ಕ್ಲೋಸಪ್ ಕೊಡೋಕೆ ಹಿಂದೆಮುಂದೆ ನೋಡಿದ್ರೆ ಮುಂದಕ್ಕೆ ಹೋಗಿ. ಜೋಡಿ ಹೂದಾನಿ ಆದ್ರೆ ಚಿತ್ರ ಒಂದಕ್ಕೊಂದು ಎದುರು ಮುಖ ಮಾಡಿದೆಯಾ ನೋಡಿ, ಎರಡೂ ಒಂದೇ ಕಡೆ ತಿರುಗಿದ್ರೆ ಬೇರೆ ಬೇರೆ ಜೋಡಿಯಿಂದ ಬಂದಿರಬಹುದು. ಬರೆಹ ಇರೋ ಮರದ ಪೆಟ್ಟಿಗೆ ಜೊತೆ ಬಂದ್ರೆ ಖುಷಿಯೇ, ಆದ್ರೆ ಪೆಟ್ಟಿಗೆಯ ಅಳತೆಗೆ ಪಾತ್ರೆ ಸರಿಯಾಗಿ ಕೂರತ್ತಾ ನೋಡಿ, ಪೆಟ್ಟಿಗೆ ಅದಲುಬದಲು ಆಗೋದು ಮಾಮೂಲು.

ಸಾಮಾನು ಭಾರತಕ್ಕೆ ತರೋರು ಇನ್ನೊಂದು ತಿಳ್ಕೊಂಡಿರಿ. ನಮ್ಮಲ್ಲಿ 1972ರ ಪ್ರಾಚ್ಯವಸ್ತು ಕಾಯ್ದೆ ಇದೆ, 100 ವರ್ಷ ದಾಟಿದ ಕಲಾವಸ್ತುಗಳನ್ನ ದೇಶದಿಂದ ಹೊರಗೆ ಒಯ್ಯೋಕೆ ಕಟ್ಟುನಿಟ್ಟು ಇದೆ. ಹೊರಗಿಂದ ತಂದದ್ದನ್ನ ಮುಂದೆ ವಾಪಸ್ ಒಯ್ಯೋ ಯೋಚನೆ ಇದ್ರೆ, ತರುವಾಗಿನ ಬಿಲ್, ಕಸ್ಟಮ್ಸ್ ಕಾಗದ ಎಲ್ಲಾ ಭದ್ರವಾಗಿಡಿ, ಒಯ್ಯೋ ಮುಂಚೆ ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ವಿಚಾರಿಸಿ.

ಹಂತ 9: ಮನೆಯಲ್ಲಿ ಕಾಪಾಡೋದು

ನೀರಲ್ಲಿ ನೆನೆಸಬೇಡಿ, ಬ್ಲೀಚ್ ಹಾಕಬೇಡಿ, ಪಾತ್ರೆ ತೊಳೆಯೋ ಮೆಶಿನ್ ಹತ್ತಿರ ಸುಳಿಸಬೇಡಿ. ಕೆಳಗಿರೋ ಮಣ್ಣು ನೀರು ಹೀರತ್ತೆ, ಬಿರುಕಿನ ಬಲೆಯಲ್ಲಿ ಕೊಳೆ ಒಳಗೆ ಇಳಿದು ಶಾಶ್ವತ ಕಲೆ ಆಗತ್ತೆ. ಧೂಳಿಗೆ ಮೆದು ಕುಂಚ ಸಾಕು, ಬಟ್ಟೆ ಬೇಡ, ಉಬ್ಬಿದ ಬೊಟ್ಟುಗಳಿಗೆ ನೂಲು ಸಿಕ್ಕಿಕೊಳ್ಳತ್ತೆ. ಜಿಡ್ಡು ಇದ್ರೆ ಹತ್ತಿ ಕಡ್ಡಿಯನ್ನ ಡಿಸ್ಟಿಲ್ಡ್ ನೀರಲ್ಲಿ ಅದ್ದಿ ಹಿಂಡಿ, ಗ್ಲೇಜ್ ಮೇಲೆ ಉರುಳಿಸಿ, ಉಜ್ಜಬೇಡಿ, ಬಂಗಾರದ ಮೇಲಂತೂ ಹೋಗಲೇಬೇಡಿ. ಬೆಳ್ಳಿ ಹಿತ್ತಾಳೆಗೆ ಹಚ್ಚೋ ಪಾಲಿಶ್ ಒಂದೇ ಒರೆಸಿಗೆ 120 ವರ್ಷದ ಬಂಗಾರ ತೆಗೆದುಬಿಡತ್ತೆ.

ಹೂವು ಇಡಲೇಬೇಕು ಅಂತಿದ್ರೆ ಒಳಗೊಂದು ಗಾಜಿನ ಲೋಟ ಇಟ್ಟು ಅದರಲ್ಲಿ ನೀರು ಹಾಕಿ. ಬಟ್ಟಲು ತಟ್ಟೆಗಳಲ್ಲಿ ತಿನ್ನೋದು ಕುಡಿಯೋದು ಬೇಡ, ಹಳೇ ಎನಾಮಲ್ ಬಣ್ಣಗಳಲ್ಲಿ ಸೀಸ ಇರತ್ತೆ, ಹುಳಿ ಪದಾರ್ಥಕ್ಕೆ ಅದು ಬಿಡತ್ತೆ. ಮಂಗಳೂರು, ಕಾರವಾರ, ಮಲೆನಾಡಿನ ಕಡೆ ಮಳೆಗಾಲದಲ್ಲಿ ಪ್ಲಾಸ್ಟಿಕ್ಕಲ್ಲಿ ಸುತ್ತಿ ಇಡಬೇಡಿ, ತೇವ ಒಳಗೇ ನಿಂತು ಬೂಸ್ಟು ಬರತ್ತೆ, ಗಾಳಿಯಾಡೋ ಕಪಾಟಲ್ಲಿ ಹತ್ತಿ ಬಟ್ಟೆ ಮೇಲೆ ಇಡಿ. ಅಗರಬತ್ತಿ ಕರ್ಪೂರದ ಹೊಗೆ ತಗಲೋ ಜಾಗ ಬೇಡ, ದೇವರ ಚಿತ್ರ ಇದೆ ಅಂತ ಎಷ್ಟೋ ಜನ ದೇವರ ಕೋಣೆಯಲ್ಲೇ ಇಡ್ತಾರೆ, ಭಾವನೆ ನನಗೆ ಅರ್ಥ ಆಗತ್ತೆ, ಆದ್ರೆ ಆ ಮಸಿ ಬಿರುಕಿನ ಬಲೆಗೆ ಇಳಿದ್ರೆ ಕನ್ನೊನ್ ಮುಖವೇ ಮಂಕಾಗತ್ತೆ.

ಒಡೆದ್ರೆ ಫೆವಿಕ್ವಿಕ್ ಮುಟ್ಟಬೇಡಿ. ಎಲ್ಲಾ ಚೂರು, ಪುಡಿ ಕೂಡ, ಬೇರೆ ಬೇರೆ ಟಿಶ್ಯೂ ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಸಂರಕ್ಷಣಾ ತಜ್ಞರ ಹತ್ತಿರ ಹೋಗಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಇಂಟ್ಯಾಕ್ ಅನ್ನೋ ಪರಂಪರೆ ಸಂರಕ್ಷಣಾ ಸಂಸ್ಥೆ ನಡೆಸೋ ಕಲಾ ಸಂರಕ್ಷಣಾ ಕೇಂದ್ರ ಇದೆ, ಯಾರ ಹತ್ರ ಹೋಗಬೇಕು ಅಂತ ಅಲ್ಲಿ ಕೇಳೋದರಿಂದ ಶುರು ಮಾಡಿ.

ಇನ್ನು ದಾಖಲೆ. ನೀವು ಗುರುತಿಸಿದ ಅರ್ಹಂತರ ಹೆಸರು, ಅಳತೆ, ಮುದ್ರೆಯ ಫೋಟೋ, ಎಲ್ಲಿ ಯಾವಾಗ ಕೊಂಡಿದ್ದು, ಯಾವ ಜಾಗದಲ್ಲಿ ರಿಪೇರಿ ಇದೆ, ಎಲ್ಲಾ ಒಂದು ಹಾಳೆಯಲ್ಲಿ ಬರೀರಿ. ಆ ಚೀಟಿಯನ್ನ ಪಾತ್ರೆಗೆ ಟೇಪಲ್ಲಿ ಅಂಟಿಸಬೇಡಿ, ಗೋಂದಿನ ಜೊತೆ ಬಂಗಾರವೂ ಕಿತ್ಕೊಂಡು ಬರತ್ತೆ, ಮಡಚಿ ಹೂದಾನಿ ಒಳಗೆ ಹಾಕಿ, ಇನ್ನೊಂದು ಪ್ರತಿ ಬಿಲ್ಲಿನ ಜೊತೆ ಫೈಲಲ್ಲಿರಲಿ.